ದೇವರಾಯನದುರ್ಗದ ಮಂಗ, ನರ್ಮದೆಯ ಬುರುಡೆ: ವಿಜ್ಞಾನಿಗಳು ಮೂಳೆ ಹಿಡಿದು ಜಗಳ ಆಡುವುದು ಯಾವುದರ ಬಗ್ಗೆ?

"ಮಂಗನಿಂದ ಮನುಷ್ಯ ಆದ ಅಂತೀರಲ್ಲ, ಹಾಗಾದ್ರೆ ದೇವರಾಯನದುರ್ಗದ ಮಂಗಗಳು ಯಾಕೆ ಇನ್ನೂ ಮಂಗಗಳಾಗೇ ಇವೆ?" ತುಮಕೂರಿನಲ್ಲಿ ವಿಕಾಸವಾದದ ಮಾತು ಬಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಚಿಕ್ಕಬಳ್ಳಾಪುರದ ಕಡೆ ಆದರೆ ದುರ್ಗದ ಬದಲು ನಂದಿಬೆಟ್ಟ, ಅಷ್ಟೇ ವ್ಯತ್ಯಾಸ. ಅದರ ಹಿಂದೆಯೇ ಇನ್ನೊಂದು ಮಾತು ಇರುತ್ತದೆ: "ವಿಜ್ಞಾನಿಗಳೇ ಮೂಳೆ ಹಿಡ್ಕೊಂಡು ಕಿತ್ತಾಡ್ತಿದ್ದಾರೆ. ಅವರಿಗೇ ಗ್ಯಾರಂಟಿ ಇಲ್ಲ."

ಮೊದಲ ಪ್ರಶ್ನೆಗೆ ಉತ್ತರ ಬೇಗ ಮುಗಿಯುತ್ತದೆ. ದುರ್ಗದ ಮಂಗನಿಂದ ಮನುಷ್ಯ ಆದ ಅಂತ ಯಾವ ವಿಜ್ಞಾನಿಯೂ ಹೇಳಿಲ್ಲ. ಆ ಮಂಗಕ್ಕೂ ನಮಗೂ ಒಂದೇ ಮೂಲ ಇತ್ತು, ಎರಡೂವರೆ-ಮೂರು ಕೋಟಿ ವರ್ಷಗಳ ಹಿಂದೆ ಕವಲು ಬೇರೆಯಾಯಿತು ಅನ್ನೋದಷ್ಟೇ ಅವರ ಮಾತು. ಚಿಂಪಾಂಜಿ ಇನ್ನೂ ಹತ್ತಿರದ ನೆಂಟ. ಅದರ ಕವಲೂ ನಮ್ಮ ಕವಲೂ ಬೇರೆಯಾಗಿ ಸುಮಾರು 60-70 ಲಕ್ಷ ವರ್ಷ ಆಗಿದೆ. ಹಾಗಂತ ಚಿಂಪಾಂಜಿಯೂ ನಮ್ಮ ತಾತ ಅಲ್ಲ, ದೊಡ್ಡಪ್ಪನ ಮಗ.

ಎರಡನೇ ಮಾತು ಅರ್ಧ ನಿಜ. ಜಗಳ ಇದೆ, ಜೋರಾಗಿಯೇ ಇದೆ. ಆದರೆ ಅದು ಎಂಥ ಜಗಳ ಅನ್ನೋದು ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಿದವರಿಗೆ ಬೇಗ ಅರ್ಥವಾಗುತ್ತದೆ. ತಾತ ತೀರಿಕೊಂಡು ಜಮೀನು ಪೌತಿ ಖಾತೆ ಆಗಬೇಕು. ಆಗ ಶುರು. ಇವನು ಮೊದಲನೇ ಹೆಂಡತಿಯ ಮಗನಾ, ಎರಡನೆಯವಳ ಮಗನಾ? ಪಾವಗಡದ ಕಡೆಯವರು ನಮ್ಮ ಕವಲಾ, ಚಿಕ್ಕತಾತನ ಕವಲಾ? ಒಬ್ಬರು ಹಳೇ ಕ್ರಯಪತ್ರ ತರುತ್ತಾರೆ, ಇನ್ನೊಬ್ಬರು ಅದು ನಕಲಿ ಅನ್ನುತ್ತಾರೆ. ಕೋರ್ಟಿಗೂ ಹೋಗುತ್ತದೆ. ಅಷ್ಟೂ ಗಲಾಟೆಯಲ್ಲಿ ತಾತನೇ ಇರಲಿಲ್ಲ ಅಂತ ಮಾತ್ರ ಯಾರೂ ವಾದ ಮಾಡಲ್ಲ. ಮೂಳೆಗಳ ಜಗಳವೂ ಹೀಗೇ. ಇದು ನೇರ ಪೂರ್ವಜನ ಮೂಳೆಯಾ, ದಾಯಾದಿಯದಾ? ಎಷ್ಟು ಹಳೆಯದು? ಏನು ಹೆಸರಿಡಬೇಕು? ತಕರಾರೆಲ್ಲ ಇಷ್ಟರಲ್ಲೇ.

ದಶಾವತಾರವೇ ವಿಕಾಸವಾದ, ನಮ್ಮವರಿಗೆ ಮೊದಲೇ ಗೊತ್ತಿತ್ತು ಅನ್ನೋರೂ ಇದ್ದಾರೆ. ಮೀನು, ಆಮೆ, ಹಂದಿ, ಆಮೇಲೆ ಅರ್ಧ ಸಿಂಹ ಅರ್ಧ ಮನುಷ್ಯ. ಕೇಳಲು ಚೆನ್ನಾಗಿದೆ. ಆದರೆ ಆಮೆಯಿಂದ ಹಂದಿ ಬಂತೆಂದು ಜೀವಶಾಸ್ತ್ರ ಹೇಳುವುದಿಲ್ಲ, ಪುರಾಣವೂ ಹೇಳುವುದಿಲ್ಲ. ಎರಡನ್ನೂ ಅವುಗಳ ಪಾಡಿಗೆ ಬಿಡೋಣ.

2018ರಲ್ಲಿ ಕೇಂದ್ರ ಸಚಿವರಾಗಿದ್ದ ಸತ್ಯಪಾಲ್ ಸಿಂಗ್ ಅವರು ಡಾರ್ವಿನ್ ಹೇಳಿದ್ದು ತಪ್ಪು, ಕೋತಿ ಮನುಷ್ಯನಾಗಿದ್ದನ್ನು ಯಾರೂ ನೋಡಿಲ್ಲ ಎಂಬ ಅರ್ಥದ ಮಾತಾಡಿದರು. 2023ರಲ್ಲಿ ಎನ್‌ಸಿಇಆರ್‌ಟಿ 10ನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗ ಹೋಯಿತು. 1800ಕ್ಕೂ ಜಾಸ್ತಿ ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ವಿರೋಧಿಸಿದರು. ರಾಜಕೀಯ ಪಕ್ಕಕ್ಕಿರಲಿ. "ಯಾರೂ ನೋಡಿಲ್ಲದ್ದು ನಿಮಗೆ ಹೇಗೆ ಗೊತ್ತು?" ಅನ್ನೋದು ಒಳ್ಳೆಯ ಪ್ರಶ್ನೆಯೇ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಂದು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಎಚ್. ನರಸಿಂಹಯ್ಯನವರು ಬದುಕಿಡೀ ಜನರಿಗೆ ಪ್ರಶ್ನೆ ಕೇಳುವುದನ್ನೇ ಕಲಿಸಿದರು. ನಾವೂ ಕೇಳೋಣ.

ಬುರುಡೆಯ ತೂತು

1924ರಲ್ಲಿ ದಕ್ಷಿಣ ಆಫ್ರಿಕಾದ ಟಾಂಗ್ ಎಂಬಲ್ಲಿ ಸುಣ್ಣಕಲ್ಲಿನ ಗಣಿಯಿಂದ ಒಂದು ಸಣ್ಣ ಬುರುಡೆ ಬಂತು. ಜೊಹಾನ್ಸ್‌ಬರ್ಗ್‌ನಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ರೇಮಂಡ್ ಡಾರ್ಟ್ ಅದನ್ನು ಕಲ್ಲಿನಿಂದ ಬಿಡಿಸಿದರು. ಹಾಲುಹಲ್ಲು ಇನ್ನೂ ಬಿದ್ದಿಲ್ಲದ ಒಂದು ಮಗುವಿನ ಮುಖ. ಮಿದುಳಿನ ಗಾತ್ರ ನೋಡಿದರೆ ವಾನರ, ಅಂದರೆ ಚಿಂಪಾಂಜಿಯಂಥ ಬಾಲವಿಲ್ಲದ ಜಾತಿ. ಆದರೆ ಡಾರ್ಟ್ ಗಮನಿಸಿದ್ದು ಬುರುಡೆಯ ತಳದ ತೂತನ್ನು.

ಬೆನ್ನುಹುರಿ ಮಿದುಳಿಗೆ ಸೇರುವ ದಾರಿ ಅದು. ನಾಯಿ, ಹಸುವಿನಂಥ ನಾಲ್ಕು ಕಾಲಿನ ಪ್ರಾಣಿಗಳಲ್ಲಿ ತಲೆ ಮುಂದಕ್ಕೆ ಚಾಚಿರುತ್ತದೆ. ಹಾಗಾಗಿ ತೂತು ಬುರುಡೆಯ ಹಿಂಬದಿಗೆ ಇರುತ್ತದೆ. ನಮ್ಮ ತಲೆ ಬೆನ್ನುಮೂಳೆಯ ತುದಿಯಲ್ಲಿ ನೆಟ್ಟಗೆ ಕೂತಿದೆ. ನಮ್ಮ ತೂತು ಬುರುಡೆಯ ಅಡಿಯಲ್ಲೇ ಇದೆ. ಟಾಂಗ್ ಮಗುವಿನ ತೂತು ಮುಂದಕ್ಕೆ, ಅಡಿಗೆ ಇತ್ತು. ಅಂದರೆ ವಾನರದ ಮಿದುಳು, ಮನುಷ್ಯನ ನಡಿಗೆ. 1925ರಲ್ಲಿ ಡಾರ್ಟ್ ಅದಕ್ಕೆ ಆಸ್ಟ್ರಲೋಪಿಥೆಕಸ್ ಆಫ್ರಿಕಾನಸ್ ಅಂತ ಹೆಸರಿಟ್ಟರು. (ಪಾಪ, ಆ ಮಗುವನ್ನು ಹದ್ದೊಂದು ಹೊತ್ತೊಯ್ದಿರಬೇಕು. ಕಣ್ಣಿನ ಗುಳಿಗಳಲ್ಲಿ ಉಗುರು, ಕೊಕ್ಕಿನ ಗುರುತುಗಳಿವೆ ಎಂದು ಆಮೇಲೆ ಗೊತ್ತಾಯಿತು.)

ಲಂಡನ್ನಿನ ದೊಡ್ಡವರು ಒಪ್ಪಲಿಲ್ಲ. ಆರ್ಥರ್ ಕೀತ್ ಅಂಥವರು ಇದು ವಾನರದ ಮರಿ, ಅಷ್ಟೇ ಅಂದರು. ಯಾಕೆ ಅಂತ ಕೇಳಿದರೆ, ಅವರ ಹತ್ತಿರ ಆಗಲೇ ಒಬ್ಬ ಪೂರ್ವಜ ಇದ್ದ. ಇಂಗ್ಲೆಂಡಿನವನೇ, ಮಿದುಳು ದೊಡ್ಡದಿದ್ದವನು. ಹೆಸರು ಪಿಲ್ಟ್‌ಡೌನ್ ಮಾನವ.

ವಿಕಾಸವಾದವನ್ನು ಒಪ್ಪದವರೆಲ್ಲ ಇವತ್ತಿಗೂ ಈ ಹೆಸರು ಹೇಳುತ್ತಾರೆ. ಹೇಳಲಿ, ಹೇಳಬೇಕಾದ್ದೇ. 1912ರಲ್ಲಿ ಚಾರ್ಲ್ಸ್ ಡಾಸನ್ ಎಂಬ ವಕೀಲ ಸಸೆಕ್ಸ್‌ನ ಜಲ್ಲಿಗುಂಡಿಯಲ್ಲಿ ಬುರುಡೆಯ ಚೂರು, ದವಡೆ ಸಿಕ್ಕಿವೆ ಅಂದ. ಬುರುಡೆ ಮನುಷ್ಯನದು, ದವಡೆ ವಾನರದ್ದು. ಎರಡನ್ನೂ ಸೇರಿಸಿದರೆ "ಮೊದಲು ಮಿದುಳು ಬೆಳೆಯಿತು, ಉಳಿದದ್ದೆಲ್ಲ ಆಮೇಲೆ" ಅನ್ನೋ ಆಗಿನ ನಂಬಿಕೆಗೆ ಸರಿಯಾಗಿ ಕೂತುಬಿಟ್ಟಿತು. ಅಷ್ಟು ಸರಿಯಾಗಿ ಕೂತಿದ್ದೇ ಅನುಮಾನಕ್ಕೆ ಕಾರಣ ಆಗಬೇಕಿತ್ತು. ಆಗಲಿಲ್ಲ.

ನಲವತ್ತು ವರ್ಷ ಅದು ಮ್ಯೂಸಿಯಂನಲ್ಲಿ ಇತ್ತು. ಕೊನೆಗೆ ಕೆನೆತ್ ಓಕ್ಲಿ ಮೂಳೆಯಲ್ಲಿರುವ ಫ್ಲೋರಿನ್ ಅಳೆದರು. ಮಣ್ಣಿನೊಳಗೆ ಬಿದ್ದ ಮೂಳೆ ಅಂತರ್ಜಲದಿಂದ ನಿಧಾನವಾಗಿ ಫ್ಲೋರಿನ್ ಹೀರುತ್ತಾ ಹೋಗುತ್ತದೆ. ಕೋಲಾರ, ಪಾವಗಡದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೋರ್‌ವೆಲ್ ನೀರಿನ ಫ್ಲೋರೈಡ್ ಹಲ್ಲಿಗೆ, ಮೂಳೆಗೆ ಸೇರುವುದನ್ನು ಕಣ್ಣಾರೆ ಕಂಡವರು ನಾವು. ಪಿಲ್ಟ್‌ಡೌನ್ ಮೂಳೆಯಲ್ಲಿ ಫ್ಲೋರಿನ್ ತೀರಾ ಕಡಿಮೆ ಇತ್ತು. ಅಂದರೆ ಹಳೆಯದೇ ಅಲ್ಲ. 1953ರಲ್ಲಿ ಓಕ್ಲಿ, ಜೋಸೆಫ್ ವೈನರ್, ಲೆ ಗ್ರೋ ಕ್ಲಾರ್ಕ್ ಮೂವರೂ ಸೇರಿ ಪೂರ್ತಿ ಬಯಲು ಮಾಡಿದರು. ದವಡೆ ಒರಾಂಗುಟಾನ್‌ದು. ಹಲ್ಲುಗಳನ್ನು ಅರದಿಂದ ಉಜ್ಜಿ, ಮೂಳೆಗೆ ಬಣ್ಣ ಹಾಕಿ ಹಳೆಯದು ಮಾಡಿದ್ದರು.

ಇಲ್ಲಿ ಎರಡು ವಿಷಯ ಗಮನಿಸಿ. ಕಳ್ಳತನ ಹಿಡಿದವರು ವಿಕಾಸದ ವಿರೋಧಿಗಳಲ್ಲ, ಮೂಳೆ ಓದುವವರೇ. ಇನ್ನೊಂದು, ಈ ನಕಲಿಯಿಂದ ನಷ್ಟ ಆಗಿದ್ದು ಟಾಂಗ್ ಮಗುವಿಗೆ. ಅಸಲಿ ದಾಖಲೆ ಎದುರಿಗಿದ್ದರೂ ಇಪ್ಪತ್ತು ವರ್ಷ ಯಾರೂ ಕಣ್ಣೆತ್ತಿ ನೋಡಲಿಲ್ಲ. ಆಮೇಲೆ ದಕ್ಷಿಣ ಆಫ್ರಿಕಾದಲ್ಲಿ ಅಂಥದೇ ದೊಡ್ಡವರ ಮೂಳೆಗಳು ಸಿಗುತ್ತಾ ಹೋದವು. 1947ರಲ್ಲಿ ಕೀತ್ ಅವರೇ ಡಾರ್ಟ್ ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು ಅಂತ ಬರೆದರು. ಎಂಬತ್ತರ ವಯಸ್ಸಿನಲ್ಲಿ ಅದನ್ನು ಬರೆಯಲು ಗಟ್ಟಿ ಮನಸ್ಸು ಬೇಕು.

ನೆಬ್ರಾಸ್ಕಾ ಮಾನವನ ಕತೆ ಇದಕ್ಕಿಂತ ಚಿಕ್ಕದು. 1922ರಲ್ಲಿ ಒಂದೇ ಒಂದು ಹಲ್ಲು ನೋಡಿ ಅಮೆರಿಕದಲ್ಲಿ ಪೂರ್ವಜ ಸಿಕ್ಕ ಅಂದರು. ಅದೇ ಜಾಗ ಮತ್ತೆ ಅಗೆದಾಗ ಅದು ಹಂದಿಯನ್ನು ಹೋಲುವ ಪೆಕರಿ ಎಂಬ ಪ್ರಾಣಿಯ ಹಲ್ಲು ಅಂತ ಗೊತ್ತಾಯಿತು. 1927ರಲ್ಲಿ ಹೇಳಿಕೆ ವಾಪಸ್.

ನಡಿಗೆ ಮೊದಲಾ, ಮಿದುಳು ಮೊದಲಾ ಅನ್ನೋ ಪ್ರಶ್ನೆಯನ್ನು ತೀರ್ಮಾನ ಮಾಡಿದ್ದು ಪೂರ್ವ ಆಫ್ರಿಕಾ. 1974ರಲ್ಲಿ ಇಥಿಯೋಪಿಯಾದ ಹಡಾರ್‌ನಲ್ಲಿ ಡೊನಾಲ್ಡ್ ಜೊಹಾನ್ಸನ್ ತಂಡಕ್ಕೆ 'ಲೂಸಿ' ಸಿಕ್ಕಿದಳು. 32 ಲಕ್ಷ ವರ್ಷ ಹಿಂದಿನವಳು. ಎತ್ತರ ಮೂರೂವರೆ ಅಡಿ ಚಿಲ್ಲರೆ. ಒಂದೇ ದೇಹದ ಶೇ 40ರಷ್ಟು ಅಸ್ಥಿ ಸಿಕ್ಕಿತ್ತು, ಅದು ಅಪರೂಪ. ಮಿದುಳು ಚಿಂಪಾಂಜಿಯಷ್ಟೇ. ಆದರೆ ಸೊಂಟದ ಮೂಳೆ ನಮ್ಮಂತೆ ಗಿಡ್ಡ, ಅಗಲ. ತೊಡೆ ಮೂಳೆ ಸೊಂಟದಿಂದ ಮೊಣಕಾಲಿಗೆ ಒಳಮುಖವಾಗಿ ಇಳಿಯುತ್ತದೆ. ಎರಡೇ ಕಾಲಲ್ಲಿ ನಡೆಯುವಾಗ ಪಾದ ದೇಹದ ನೇರ ಕೆಳಗೆ ಬೀಳಬೇಕಾದರೆ ಹೀಗೇ ಇರಬೇಕು. ಅದೂ ಸಾಲದು ಅನ್ನೋರಿಗೆ ಟಾಂಜಾನಿಯಾದ ಲೇಟೋಲಿ ಇದೆ. ಮೇರಿ ಲೀಕಿ ತಂಡ 1978ರಲ್ಲಿ ಅಲ್ಲಿ ಜ್ವಾಲಾಮುಖಿ ಬೂದಿಯ ಮೇಲೆ ಹೆಜ್ಜೆ ಸಾಲುಗಳನ್ನೇ ಕಂಡಿತು. 36 ಲಕ್ಷ ವರ್ಷ ಹಳೆಯವು. ಹೆಬ್ಬೆರಳು ಮಂಗದಂತೆ ಪಕ್ಕಕ್ಕೆ ಚಾಚಿಲ್ಲ, ಮುಂದಕ್ಕೇ ಇದೆ. ನೆಲಕ್ಕೆ ಕೈ ಊರಿದ ಗುರುತೂ ಇಲ್ಲ.

ವಯಸ್ಸು ಹೇಗೆ ಗೊತ್ತು ಅಂದರೆ, ಅದೇ ಬೂದಿಯಿಂದ. ಬೂದಿಯಲ್ಲಿ ಪೊಟ್ಯಾಸಿಯಂ ಇರುತ್ತದೆ. ಅದರಲ್ಲೊಂದು ಬಗೆ ಗೊತ್ತಾದ ವೇಗದಲ್ಲಿ ಆರ್ಗಾನ್ ಅನಿಲವಾಗುತ್ತಾ ಹೋಗುತ್ತದೆ. ಜ್ವಾಲಾಮುಖಿಯೊಳಗೆ ಕಲ್ಲು ಕರಗಿದಾಗ ಹಳೆಯ ಆರ್ಗಾನ್ ಹೊರಟುಹೋಗುತ್ತದೆ. ತಣ್ಣಗಾದ ಮೇಲೆ ಎಣಿಕೆ ಸೊನ್ನೆಯಿಂದ ಶುರು. ಈಗ ಎಷ್ಟು ಆರ್ಗಾನ್ ಕೂಡಿದೆ ಅಂತ ಅಳೆದರೆ ವಯಸ್ಸು ಸಿಗುತ್ತದೆ. ಮೂಳೆಯ ಮೇಲೊಂದು, ಕೆಳಗೊಂದು ಬೂದಿ ಪದರ ಇದ್ದರೆ ಮೂಳೆಯ ವಯಸ್ಸು ಅವೆರಡರ ಮಧ್ಯೆ.

ರಾಮನ ಹೆಸರಿನ ದವಡೆ

ನಮ್ಮ ದೇಶಕ್ಕೆ ತೀರಾ ಹತ್ತಿರದ ಜಗಳ ಇದು. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1932ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಎಡ್ವರ್ಡ್ ಲೂಯಿಸ್ ಹಿಮಾಚಲದ ಹರಿತಲ್ಯಂಗರ್ ಹತ್ತಿರ ಶಿವಾಲಿಕ್ ಬೆಟ್ಟಗಳಲ್ಲಿ ಮೇಲ್ದವಡೆಯ ಒಂದು ಚೂರು ಕಂಡ. 1934ರಲ್ಲಿ ಅದಕ್ಕೆ ರಾಮಾಪಿಥೆಕಸ್ ಅಂತ ಹೆಸರಿಟ್ಟ. ಶಿವಾಪಿಥೆಕಸ್ ಅಂತ ಇನ್ನೊಂದು ಹಳೆಯ ವಾನರದ ಹೆಸರು ಆಗಲೇ ಇತ್ತು. ಬ್ರಹ್ಮಾಪಿಥೆಕಸ್ ಅಂತ ಇನ್ನೊಂದನ್ನೂ ಅವನೇ ಸೇರಿಸಿದ. ದೇವರುಗಳ ಹೆಸರಿನಿಂದಲೋ ಏನೋ, ನಮ್ಮ ಪುಸ್ತಕಗಳಿಗೆ ರಾಮಾಪಿಥೆಕಸ್ ಮೇಲೆ ಜಾಸ್ತಿಯೇ ಪ್ರೀತಿ.

1960ರ ದಶಕದಲ್ಲಿ ಯೇಲ್‌ನವರೇ ಆದ ಎಲ್ವಿನ್ ಸೈಮನ್ಸ್, ಡೇವಿಡ್ ಪಿಲ್ಬೀಮ್ ಈ ಚೂರನ್ನು ಮತ್ತೆ ಕೈಗೆತ್ತಿಕೊಂಡರು. ಕೋರೆಹಲ್ಲು ಚಿಕ್ಕದಿರಬೇಕು, ದವಡೆ ಹಲ್ಲಿನ ಎನಾಮೆಲ್ ದಪ್ಪ, ದವಡೆ ನಮ್ಮದರಂತೆ ಕಮಾನಾಗಿ ಬಾಗಿದೆ ಅಂದರು. ಹಾಗಾದರೆ ಒಂದು ಕೋಟಿ ವರ್ಷಕ್ಕೂ ಮೊದಲೇ ಮನುಷ್ಯನ ಕವಲು ಬೇರೆಯಾಗಿತ್ತು, ರಾಮಾಪಿಥೆಕಸ್ ಆ ಕವಲಿನ ಮೊದಲಿಗ ಎಂದಾಯಿತು. ಪಾಠಗಳಲ್ಲಿ ಅದೇ ಬಂತು. ಒಂದು ತೊಡಕು ಮಾತ್ರ ಇತ್ತು. ಆ ಚೂರಿನಲ್ಲಿ ದವಡೆಯ ನಡುಭಾಗವೇ ಇರಲಿಲ್ಲ. ಕಮಾನು ಕಂಡಿದ್ದು ಮೂಳೆಯಲ್ಲಿ ಅಲ್ಲ, ಮೂಳೆ ಜೋಡಿಸಿದ ಕೈಯಲ್ಲಿ.

1967ರಲ್ಲಿ ಬರ್ಕ್ಲಿಯ ವಿನ್ಸೆಂಟ್ ಸಾರಿಚ್, ಅಲನ್ ವಿಲ್ಸನ್ ಮೂಳೆ ಮುಟ್ಟದೆಯೇ ಈ ಜಗಳಕ್ಕೆ ಬಂದರು. ಅವರು ನೋಡಿದ್ದು ರಕ್ತದ ಅಲ್ಬುಮಿನ್ ಎಂಬ ಪ್ರೋಟೀನ್. ಮನುಷ್ಯನದಕ್ಕೂ ಚಿಂಪಾಂಜಿಯದಕ್ಕೂ ವ್ಯತ್ಯಾಸ ಬಹಳ ಕಡಿಮೆ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಸುಮಾರು 50 ಲಕ್ಷ ವರ್ಷ ಸಾಕು ಅಂತ ಲೆಕ್ಕ ಹಾಕಿದರು. ಸಾರಿಚ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 80 ಲಕ್ಷ ವರ್ಷಕ್ಕಿಂತ ಹಳೆಯ ಮೂಳೆ ನೋಡಲು ಹೇಗೇ ಇರಲಿ, ಅದು ಮನುಷ್ಯನ ಕವಲಿನದಾಗಲಾರದು ಅಂದುಬಿಟ್ಟರು. ಮೂಳೆ ಓದುವವರಿಗೆ ಸಿಟ್ಟು ಬಂತು. ಅಲ್ವಾ ಮತ್ತೆ, ಜೀವಮಾನವೆಲ್ಲ ಬಿಸಿಲಲ್ಲಿ ಕಲ್ಲು ಒಡೆದವರಿಗೆ ಲ್ಯಾಬಿನಲ್ಲಿ ಕೂತವರು ಪಾಠ ಹೇಳಿದರೆ ಹೇಗಾಗಬೇಕು?

ಜಗಳ ಮುಗಿದಿದ್ದು ಮೂಳೆಯಿಂದಲೇ. ಪಿಲ್ಬೀಮ್ ಪಾಕಿಸ್ತಾನದ ಪೊಟ್ವಾರ್ ಪ್ರಸ್ಥಭೂಮಿಯಲ್ಲಿ ವರ್ಷಗಟ್ಟಲೆ ಅಗೆದರು. ಅಲ್ಲಿ ಶಿವಾಪಿಥೆಕಸ್‌ನ ಮುಖದ ದೊಡ್ಡ ಭಾಗವೇ ಸಿಕ್ಕಿತು. 1982ರಲ್ಲಿ ಅದನ್ನು ಪ್ರಕಟಿಸಿದರು. ಅದು ನೋಡಲು ಒರಾಂಗುಟಾನ್‌ನಂತಿತ್ತು. ಕಣ್ಣಿನ ಗುಳಿ ಎತ್ತರ, ಎರಡೂ ಕಣ್ಣು ಹತ್ತಿರ ಹತ್ತಿರ. ರಾಮಾಪಿಥೆಕಸ್ ಅಂತ ಕರೆದ ಚೂರುಗಳು ಶಿವಾಪಿಥೆಕಸ್‌ನವೇ, ಬಹುಶಃ ಹೆಣ್ಣುಗಳವು, ಎಂಬ ಕಡೆಗೆ ಒಪ್ಪಿಗೆ ಬೆಳೆಯಿತು. ಹೆಣ್ಣಿಗೆ ಕೋರೆಹಲ್ಲು ಚಿಕ್ಕದಿರುವುದು ಸಹಜ ತಾನೇ. ರಾಮಾಪಿಥೆಕಸ್ ಮನುಷ್ಯನ ಪೂರ್ವಜ ಅಂತ ಎಲ್ಲರಿಗಿಂತ ಜೋರಾಗಿ ಹೇಳಿದ್ದ ಪಿಲ್ಬೀಮ್ ಅವರೇ ಅದನ್ನು ಪೂರ್ವಜರ ಪಟ್ಟಿಯಿಂದ ತೆಗೆದರು.

ಆದರೆ ನಮ್ಮ ಪಿಯುಸಿ ಮಕ್ಕಳು ಓದುವ ಎನ್‌ಸಿಇಆರ್‌ಟಿಯ 12ನೇ ತರಗತಿ ಜೀವಶಾಸ್ತ್ರದಲ್ಲಿ ರಾಮಾಪಿಥೆಕಸ್ ಹೆಚ್ಚು ಮನುಷ್ಯನಂತೆ ಇತ್ತು ಅನ್ನೋ ಮಾತು ಆಮೇಲೂ ವರ್ಷಗಟ್ಟಲೆ ಇತ್ತು. ವಿಕಾಸದ ಪಾಠ ತೆಗೆದದ್ದಕ್ಕೆ ಗಲಾಟೆ ಮಾಡುವ ನಾವು, ಇರುವ ಪಾಠ ಹಳಸಿದ್ದಕ್ಕೆ ಯಾಕೆ ಸುಮ್ನೆ ಇರುತ್ತೇವೋ.

ನಮ್ಮ ಬೆಟ್ಟಗಳಲ್ಲಿ ಯಾಕೆ ಸಿಗಲ್ಲ?

ಮಧುಗಿರಿ ಬೆಟ್ಟ, ಪಾವಗಡ, ದೇವರಾಯನದುರ್ಗ, ಇವೆಲ್ಲ ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಉದ್ದನೆಯ ಕಲ್ಲುಪಟ್ಟಿಯ ಬೆಟ್ಟಗಳು. ವಯಸ್ಸು ಸುಮಾರು 250 ಕೋಟಿ ವರ್ಷ. ಕೆಜಿಎಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಚಿನ್ನ ತೆಗೆದರಲ್ಲ, ಆ ಕಲ್ಲು ಇನ್ನೂ ಹಳೆಯದು. ಮೂಳೆ ಇರುವ ಪ್ರಾಣಿ ಭೂಮಿಗೆ ಬಂದು ಸುಮಾರು 50 ಕೋಟಿ ವರ್ಷ ಆಗಿದೆ, ಅಷ್ಟೇ. ಅದೂ ಅಲ್ಲದೆ ಗ್ರಾನೈಟ್ ಅಂದರೆ ನೆಲದಾಳದಲ್ಲಿ ಕರಗಿ ಗಟ್ಟಿಯಾದ ಕಲ್ಲು. ಅದರೊಳಗೆ ಪಳೆಯುಳಿಕೆ ಹುಡುಕುವುದು ವ್ಯರ್ಥ.

ಕಲ್ಲಿನ ಮೇಲಿನ ಮಣ್ಣಾದರೂ? ನಮ್ಮ ಕೆಂಪು ಮಣ್ಣಿನಲ್ಲಿ ಸುಣ್ಣದಂಶ ಕಡಿಮೆ. ಮಳೆ ನೀರು ಇಳಿದಂತೆ ಮೂಳೆಯ ಸುಣ್ಣವೇ ಕರಗಿ ಹೋಗುತ್ತದೆ. ಪಳೆಯುಳಿಕೆ ಆಗಬೇಕಾದರೆ ಸತ್ತ ದೇಹ ಬೇಗ ಹೂಳಿನಡಿ ಸೇರಬೇಕು. ಕೆರೆಯ ಕೆಸರು, ನದಿಯ ಮೆಕ್ಕಲು, ಜ್ವಾಲಾಮುಖಿ ಬೂದಿ, ಸುಣ್ಣಕಲ್ಲಿನ ಗುಹೆ, ಇಂಥವು ಬೇಕು. ಆಮೇಲೆ ಲಕ್ಷಾಂತರ ವರ್ಷ ಯಾರೂ ಕೆದಕಬಾರದು. ಆಮೇಲೆ ಸವೆದು ಮೇಲೆ ಬರಬೇಕು. ಬಂದಾಗ ಗುರುತು ಹಿಡಿಯುವವರು ಅಲ್ಲಿರಬೇಕು. ಇಷ್ಟೆಲ್ಲ ಒಟ್ಟಿಗೆ ಆಗುವುದೇ ಅಪರೂಪ. ಹಾಗಾಗಿ "ಮಧ್ಯದ ಕೊಂಡಿ ಎಲ್ಲಿ?" ಅಂತ ಕೇಳುವವರಿಗೆ ನಾನು ಹೇಳುವುದು, ಇಷ್ಟು ಸಿಕ್ಕಿರುವುದೇ ಹೆಚ್ಚು.

ಹಾಗಂತ ಇಲ್ಲಿ ಯಾರೂ ಇರಲಿಲ್ಲ ಅಂತಲ್ಲ. ತಿಪಟೂರು ತಾಲ್ಲೂಕಿನ ಕಿಬ್ಬನಹಳ್ಳಿ ಗೊತ್ತಲ್ಲ? ಶಿವಮೊಗ್ಗ ಬಸ್ಸು ಹತ್ತಿದವರಿಗೆಲ್ಲ ಕೆ.ಬಿ. ಕ್ರಾಸ್ ಗೊತ್ತು. ಆ ಸುತ್ತಿನಲ್ಲಿ ಹಳೆ ಶಿಲಾಯುಗದ ಕೈಕೊಡಲಿಗಳು ಸಿಕ್ಕಿವೆ. ಎರಡೂ ಬದಿ ಚಕ್ಕೆ ಎಬ್ಬಿಸಿ ಚೂಪು ಮಾಡಿದ ಕಲ್ಲುಗಳು. ಮಾಡಿದ ಕೈ ಯಾರದು? ಆ ಕೈಯ ಮೂಳೆ ಮಣ್ಣಾಗಿಹೋಗಿದೆ.

ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಕತೆ ಬೇರೆ. ಅದು ಸುಣ್ಣಕಲ್ಲಿನ ಸೀಮೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಅಲ್ಲಿ ಕಲ್ಲಿನ ಆಯುಧ ಮಾಡುತ್ತಿದ್ದ ಜಾಗವನ್ನೇ ಅಗೆದು ತೆಗೆಯಿತು. ಆಯುಧಗಳ ಜೊತೆ ದನದ ಜಾತಿಯ ಪ್ರಾಣಿಯ ಹಲ್ಲುಗಳೂ ಉಳಿದಿದ್ದವು. ಆ ಹಲ್ಲುಗಳಿಂದಲೇ ಸುಮಾರು 12 ಲಕ್ಷ ವರ್ಷ ಎಂಬ ಲೆಕ್ಕ ಬಂತು. ಚೆನ್ನೈ ಹತ್ತಿರದ ಅತ್ತಿರಂಪಾಕ್ಕಂನ ಆಯುಧಗಳು ಸುಮಾರು 15 ಲಕ್ಷ ವರ್ಷದವು ಅಂತ ಶಾಂತಿ ಪಪ್ಪು ತಂಡ 2011ರಲ್ಲಿ ತೋರಿಸಿತು. ಎರಡೂ ಕಡೆ ಅವನ್ನು ಮಾಡಿದವರ ಒಂದು ಮೂಳೆಯೂ ಇಲ್ಲ.

ಮೂಳೆ ಇಲ್ಲದ ಜಾಗದಲ್ಲಿ ವಾಟ್ಸಾಪ್ ಮೂಳೆ ಬರುತ್ತದೆ. ಘಟೋತ್ಕಚನ ಅಸ್ಥಿಪಂಜರ ಸಿಕ್ಕಿದೆ ಅನ್ನೋ ಫೋಟೋ ನಿಮಗೂ ಬಂದಿರಬೇಕು. ಕೈವಾರದ ಬೆಟ್ಟದಲ್ಲಿ ಭೀಮ ಬಕಾಸುರನನ್ನು ಕೊಂದ ಕತೆ ಕೇಳಿ ಬೆಳೆದ ಚಿಂತಾಮಣಿ ಕಡೆಯವರಿಗೆ ಅದು ತಕ್ಷಣ ಹಿಡಿಸುತ್ತದೆ. ಅಸಲಿಗೆ ಅದು 2002ರಲ್ಲಿ ಒಂದು ಫೋಟೋ ಎಡಿಟಿಂಗ್ ಸ್ಪರ್ಧೆಗೆ ಮಾಡಿದ ಚಿತ್ರ. ಅಮೆರಿಕದಲ್ಲಿ ಆನೆಯ ದಾಯಾದಿಯೊಂದರ ಮೂಳೆ ಅಗೆಯುತ್ತಿದ್ದ ಫೋಟೋ ಮೇಲೆ ಮನುಷ್ಯನ ಅಸ್ಥಿಪಂಜರ ಕೂರಿಸಿದ್ದರು. ಇಂಥ ಫೋಟೋ ಬಂದರೆ ಮೂರು ಕೇಳಿ. ಸಿಕ್ಕಿದ್ದು ಯಾವ ಊರಲ್ಲಿ, ಯಾವ ಪದರದಲ್ಲಿ? ಈಗ ಎಲ್ಲಿಟ್ಟಿದ್ದಾರೆ? ಬೇರೆಯವರು ಹೋಗಿ ಅಳೆಯಬಹುದಾ? ಲೂಸಿಗೂ ಟಾಂಗ್ ಮಗುವಿಗೂ ಈ ಮೂರಕ್ಕೂ ಉತ್ತರ ಇದೆ.

ಒಂದೇ ಬುರುಡೆ, ಎರಡು ಹೆಸರು

ಭಾರತದಲ್ಲಿ ಸಿಕ್ಕಿರುವ ಒಂದೇ ಒಂದು ಪುರಾತನ ಮಾನವ ಬುರುಡೆ ನರ್ಮದೆಯದು. 1982ರ ಡಿಸೆಂಬರ್ 5ರಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ಅರುಣ್ ಸೋನಾಕಿಯಾ ಅವರಿಗೆ ಮಧ್ಯಪ್ರದೇಶದ ಹಥ್ನೋರಾದಲ್ಲಿ ಅದು ಸಿಕ್ಕಿತು. ಬುರುಡೆಯ ಮೇಲ್ಭಾಗದ ಬಲಗಡೆ ಮಾತ್ರ ಚೆನ್ನಾಗಿ ಉಳಿದಿದೆ. ಸೋನಾಕಿಯಾ ಇದು ಹೋಮೋ ಎರೆಕ್ಟಸ್ ಅಂದರು. (ಹೋಮೋ ಅನ್ನೋದು ನಮ್ಮ ಕುಲದ ಹೆಸರು, ಎರೆಕ್ಟಸ್ ಅದರಲ್ಲಿ ನಮಗಿಂತ ಹಳೆಯ ಪ್ರಭೇದ.) ಹುಬ್ಬಿನ ಮೂಳೆ ದಪ್ಪ, ಬುರುಡೆಯ ಗೋಡೆ ದಪ್ಪ. ಅಮೆರಿಕದ ಕೆನೆತ್ ಕೆನಡಿ 1991ರಲ್ಲಿ ಅದನ್ನು ಮತ್ತೆ ಅಳೆದು, ಇಲ್ಲ, ಮಿದುಳಿನ ಜಾಗ ಎರೆಕ್ಟಸ್‌ಗೆ ದೊಡ್ಡದಾಯಿತು, ಇದು ಹಳೆಯ ಬಗೆಯ ಸೇಪಿಯನ್ಸ್, ಅಂದರೆ ನಮ್ಮದೇ ಪ್ರಭೇದ ಅಂದರು. ಮಿದುಳಿನ ಲೆಕ್ಕವೂ 1155 ಸಿಸಿಯಿಂದ 1421 ಸಿಸಿವರೆಗೆ ಓಡಾಡುತ್ತದೆ. ಅರ್ಧ ಬುರುಡೆಯಲ್ಲಿ ಇನ್ನರ್ಧ ಊಹಿಸಬೇಕಲ್ಲ. ಸಾಲದ್ದಕ್ಕೆ ಅದು ಸಿಕ್ಕಿದ್ದು ನದಿ ತಂದು ಹಾಕಿದ ಜಲ್ಲಿಯಲ್ಲಿ. ಆಫ್ರಿಕಾದಂತೆ ಮೇಲೆ ಕೆಳಗೆ ಬೂದಿಯ ಪದರ ಇಲ್ಲ. ಹಾಗಾಗಿ ವಯಸ್ಸಿನ ಬಗ್ಗೆಯೂ ಜಗಳ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ವಿಕಾಸ ಆಗಿದ್ದರೆ ಇಂಥ ಬುರುಡೆಗಳು ಸಿಗಲೇಬೇಕು. ಎರೆಕ್ಟಸ್‌ನಿಂದ ಸೇಪಿಯನ್ಸ್‌ಗೆ ಬದಲಾವಣೆ ನಿಧಾನವಾಗಿ ಆಗಿದ್ದರೆ, ನಡುವಿನ ಒಬ್ಬನನ್ನು ಯಾವ ಡಬ್ಬಿಗೆ ಹಾಕಬೇಕು ಅಂತ ಗೊಂದಲ ಆಗಲೇಬೇಕು. ಗೊಂದಲವೇ ಇಲ್ಲದೆ ಎಲ್ಲ ಮೂಳೆಯೂ "ಇದು ವಾನರ, ಇದು ಮನುಷ್ಯ" ಅಂತ ಎರಡು ರಾಶಿಯಾಗಿ ಬಿದ್ದಿದ್ದರೆ ವಿಕಾಸವಾದಕ್ಕೆ ಕಷ್ಟ ಆಗುತ್ತಿತ್ತು.

ಜಾರ್ಜಿಯಾ ದೇಶದ ದ್ಮಾನಿಸಿಯಲ್ಲಿ ಒಂದೇ ಜಾಗದಲ್ಲಿ ಐದು ಬುರುಡೆ ಸಿಕ್ಕಿವೆ, ಸುಮಾರು 18 ಲಕ್ಷ ವರ್ಷದವು. 2013ರಲ್ಲಿ ಪ್ರಕಟವಾದ ಐದನೆಯದರ ಮಿದುಳು 546 ಸಿಸಿ ಮಾತ್ರ. ಐದೂ ಒಂದರಂತೆ ಒಂದಿಲ್ಲ. ಆಫ್ರಿಕಾದಲ್ಲಿ ಬೇರೆ ಬೇರೆ ಕಡೆ ಸಿಕ್ಕಿದ್ದರೆ ಬೇರೆ ಬೇರೆ ಹೆಸರು ಇಡುತ್ತಿದ್ದಿರಿ, ಇವು ಒಂದೇ ಪ್ರಭೇದ ಅಂತ ಅಗೆದವರು ವಾದ ಮಾಡಿದರು. ಹಾಗಾದರೆ ಹಳೆಯ ಹೋಮೋ ಹೆಸರುಗಳಲ್ಲಿ ಕೆಲವು ಸುಮ್ನೆ ಜಾಸ್ತಿಯಾಗಿವೆಯಾ? ಕೆಲವರು ಹೌದು ಅಂತಾರೆ, ಬಹಳ ಜನ ಒಪ್ಪಿಲ್ಲ. ನನಗೇನೋ ಹೆಸರಿಡುವ ಆಸೆ ಸ್ವಲ್ಪ ಜಾಸ್ತಿಯೇ ಆಗಿದೆ ಅನ್ನಿಸುತ್ತದೆ. ಹೊಸ ಹೆಸರಿಗೆ ಪೇಪರಿನಲ್ಲಿ ಜಾಗ ಸಿಗುತ್ತದೆ, ಹಳೆಯ ಹೆಸರಿಗೆ ಸಿಗಲ್ಲ.

ಇದಕ್ಕೆ ಉಲ್ಟಾ ಕತೆ ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದ್ದು. 2003ರಲ್ಲಿ ಅಲ್ಲಿ ಸಿಕ್ಕ ವಯಸ್ಕ ಹೆಣ್ಣಿನ ಎತ್ತರ ಮೂರೂವರೆ ಅಡಿ, ಮಿದುಳು 400 ಸಿಸಿ ಆಸುಪಾಸು. ಹೊಸ ಪ್ರಭೇದ ಅಂದರು ಕಂಡವರು. ಇಲ್ಲ, ಮಿದುಳು ಬೆಳೆಯದ ಕಾಯಿಲೆ ಇದ್ದ ನಮ್ಮಂಥ ಮನುಷ್ಯಳೇ ಅಂದರು ವಿರೋಧಿಗಳು. ಮಣಿಕಟ್ಟಿನ ಮೂಳೆ ನೋಡಿದರೆ ಅದು ನಮ್ಮದರಂತಿಲ್ಲ, ವಾನರದಂತಿದೆ. ಆಮೇಲೆ ಅದೇ ದ್ವೀಪದ ಇನ್ನೊಂದು ಜಾಗದಲ್ಲಿ ಸುಮಾರು 7 ಲಕ್ಷ ವರ್ಷ ಹಳೆಯ ಇಂಥದೇ ಪುಟ್ಟ ದವಡೆ ಸಿಕ್ಕಿತು. ಅಷ್ಟು ಕಾಲ ಎಲ್ಲರಿಗೂ ಅದೇ ಕಾಯಿಲೆ ಇತ್ತು ಅನ್ನಲಾಗದು. ಕಾಯಿಲೆಯ ವಾದ ಸೊರಗಿತು.

ಕಾಯಿಲೆಯ ವಾದ ಹೊಸದೂ ಅಲ್ಲ. 1856ರಲ್ಲಿ ಜರ್ಮನಿಯ ನಿಯಾಂಡರ್ ಕಣಿವೆಯಲ್ಲಿ ನಿಯಾಂಡರ್ತಾಲ್ ಎಂಬ ನಮ್ಮ ದಾಯಾದಿ ಮಾನವನ ಮೊದಲ ಮೂಳೆ ಸಿಕ್ಕಾಗ ಒಬ್ಬ ಪ್ರೊಫೆಸರ್, ಇದು ನೆಪೋಲಿಯನ್ ಕಾಲದ ಯುದ್ಧದಲ್ಲಿ ಗಾಯಗೊಂಡು ಗುಹೆ ಸೇರಿದ ರಷ್ಯನ್ ಕುದುರೆ ಸವಾರ, ಸವಾರಿ ಮಾಡಿ ಮಾಡಿ ಕಾಲು ಬಾಗಿದೆ ಅಂದಿದ್ದ. 2010ರಲ್ಲಿ ಸ್ವಾಂತೆ ಪಾಬೊ ತಂಡ ನಿಯಾಂಡರ್ತಾಲ್ ಡಿಎನ್‌ಎ ಓದಿತು. ಬೇರೆಯೇ ಕವಲು, ಆದರೆ ನಮ್ಮವರ ಜೊತೆ ಮಕ್ಕಳಾಗಿದ್ದವು. ಆಫ್ರಿಕಾದ ಹೊರಗಿನ ಎಲ್ಲರಲ್ಲೂ, ಕೋಲಾರದವರಲ್ಲೂ, ಅವರ ಡಿಎನ್‌ಎ ಶೇಕಡ ಒಂದೆರಡು ಪಾಲು ಇದೆ. ಅದೇ ವರ್ಷ ಸೈಬೀರಿಯಾದ ಡೆನಿಸೋವಾ ಗುಹೆಯ ಬೆರಳ ತುದಿಯ ಮೂಳೆಯಿಂದ, ಮುಖವೇ ಗೊತ್ತಿಲ್ಲದ ಇನ್ನೊಂದು ಕವಲು ಸಿಕ್ಕಿತು. ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಬಂತು. ಚೀನಾದ ಹರ್ಬಿನ್‌ನಲ್ಲಿ ಸಿಕ್ಕಿದ್ದ ದೊಡ್ಡ ಬುರುಡೆಗೆ ಮೊದಲು ಹೊಸ ಹೆಸರನ್ನೇ ಇಟ್ಟಿದ್ದರು. 2025ರಲ್ಲಿ ಅದರ ಪ್ರೋಟೀನ್, ಹಲ್ಲಿಗೆ ಗಟ್ಟಿಯಾಗಿ ಕಟ್ಟಿದ್ದ ಪಾಚಿಯೊಳಗೆ ಉಳಿದಿದ್ದ ಡಿಎನ್‌ಎ ನೋಡಿ ಇದು ಡೆನಿಸೋವಾ ಕವಲಿನದೇ ಅಂದರು. ಹದಿನೈದು ವರ್ಷಕ್ಕೆ ಮುಖ ಸಿಕ್ಕಿತು.

ಈಗ ಕಾವಿನಲ್ಲಿರುವ ಜಗಳಗಳೂ ಇವೆ. ಚಾಡ್ ದೇಶದ 70 ಲಕ್ಷ ವರ್ಷದ ಬುರುಡೆ 'ತುಮಾಯ್'ನ ಜೀವಿ ಎರಡು ಕಾಲಲ್ಲಿ ನಡೆಯುತ್ತಿತ್ತಾ? ಅದೇ ಜಾಗದ ಒಂದು ತೊಡೆ ಮೂಳೆ ನೋಡಿ 2020ರಲ್ಲಿ ಒಂದು ತಂಡ ಇಲ್ಲ ಅಂತು, 2022ರಲ್ಲಿ ಇನ್ನೊಂದು ತಂಡ ಹೌದು ಅಂತು. ದಕ್ಷಿಣ ಆಫ್ರಿಕಾದ ಹೋಮೋ ನಲೇಡಿ ಎಂಬ ಪುರಾತನ ಮಾನವ ಪ್ರಭೇದ ಸತ್ತವರನ್ನು ಹೂಳುತ್ತಿತ್ತು ಅಂತ 2023ರಲ್ಲಿ ಲೀ ಬರ್ಗರ್ ತಂಡ ಹೇಳಿದಾಗ, ಲೇಖನ ಪರಿಶೀಲಿಸಿದವರು ಸಾಕ್ಷ್ಯ ಸಾಲದು ಅಂತ ಬಹಿರಂಗವಾಗಿಯೇ ಬರೆದರು.

ನಮಗೆ ಹತ್ತಿರದ ಜಗಳ ಆಂಧ್ರದ ಜ್ವಾಲಾಪುರಂನಲ್ಲಿದೆ, ಹಳೆಯ ಕರ್ನೂಲು ಜಿಲ್ಲೆ. ಸುಮಾತ್ರಾದ ಟೋಬಾ ಜ್ವಾಲಾಮುಖಿ 74 ಸಾವಿರ ವರ್ಷಗಳ ಹಿಂದೆ ಸಿಡಿದಾಗ ಹಾರಿಬಂದ ಬೂದಿ ಅಲ್ಲಿ ದಪ್ಪ ಪದರವಾಗಿ ಕೂತಿದೆ. ಧಾರವಾಡದ ರವಿ ಕೋರಿಶೆಟ್ಟರ್, ಮೈಕೇಲ್ ಪೆಟ್ರಾಲಿಯಾ ತಂಡಕ್ಕೆ ಬೂದಿಯ ಕೆಳಗೂ ಮೇಲೂ ಕಲ್ಲಿನ ಆಯುಧಗಳು ಸಿಕ್ಕವು. ಎರಡೂ ಸುಮಾರಾಗಿ ಒಂದೇ ಥರ. ಹಾಗಾದರೆ ಬೂದಿ ಬೀಳುವ ಮೊದಲೇ ನಮ್ಮಂಥ ಮನುಷ್ಯರು ಇಲ್ಲಿಗೆ ಬಂದು, ಅದನ್ನೂ ದಾಟಿ ಬದುಕಿದರು ಅಂತ ಅವರು 2007ರಲ್ಲಿ ವಾದಿಸಿದರು. ಬ್ರಿಟನ್ನಿನ ಪಾಲ್ ಮೆಲ್ಲರ್ಸ್ ಒಪ್ಪಲಿಲ್ಲ. ನಮ್ಮವರು ಭಾರತಕ್ಕೆ ಬಂದದ್ದು 50-60 ಸಾವಿರ ವರ್ಷಗಳ ಹಿಂದೆ, ಬೂದಿಯ ಕೆಳಗಿನ ಆಯುಧ ಮಾಡಿದವರು ಬೇರೆ ಹಳೆಯ ಮಂದಿ ಅಂದರು. ನರ್ಮದೆ ಬುರುಡೆಯವನ ಕಡೆಯವರೂ ಆಗಿರಬಹುದು.

ಕಲ್ಲು ನೋಡಿ ಇದನ್ನು ತೀರ್ಮಾನಿಸಲು ಆಗುವುದಿಲ್ಲ. ಒಂದೇ ಥರದ ಕಲ್ಲನ್ನು ಇಬ್ಬರೂ ಮಾಡಬಲ್ಲರು. ಆದರೆ ಕರ್ನೂಲಿನದು ಸುಣ್ಣಕಲ್ಲಿನ ಗುಹೆಗಳ ನಾಡು. ಭಾರತದಲ್ಲಿ ಮೊದಲ ಕೈಕೊಡಲಿ ಗುರುತಿಸಿದ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲೇ ಅಲ್ಲಿನ ಬಿಲ್ಲಸರ್ಗಂ ಗುಹೆಗಳಿಂದ ರಾಶಿಗಟ್ಟಲೆ ಪ್ರಾಣಿ ಮೂಳೆ ತೆಗೆದಿದ್ದರು. ಆ ಮಣ್ಣಿನಲ್ಲಿ ಮೂಳೆ ಉಳಿಯುತ್ತದೆ. ಬೂದಿಯ ಪದರದ ಕೆಳಗೆ ಇಡೀ ಬುರುಡೆಯೇ ಸಿಗಬೇಕೆಂದಿಲ್ಲ. ಒಂದು ದವಡೆ ಹಲ್ಲು ಸಿಕ್ಕರೂ ಎರಡು ವಾದಗಳಲ್ಲಿ ಒಂದು ಬಿದ್ದುಹೋಗುತ್ತದೆ.